ಎಷ್ಟು ಒತ್ತಬೇಕು, ಯಾವ ದಿನ ಒತ್ತಬೇಕು

ಕಳೆದ ಅಡಿಕೆ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದಿದ್ದ ಕೊನೆಗಾರರೊಬ್ಬರು, ಪ್ಲಾಸ್ಟರ್ ಬಿಚ್ಚಿಸಿಕೊಂಡ ಮೂರನೆಯ ದಿನ ನಮ್ಮ ಫಿಸಿಯೋಥೆರಪಿ ಕೊಠಡಿಗೆ ಬಂದರು. ಮೊಣಕಾಲಿನ ಕೆಳಗಿನ ಮೂಳೆ ಮುರಿದಿದ್ದರಿಂದ ತೊಡೆಯವರೆಗೂ ಪ್ಲಾಸ್ಟರ್ ಹಾಕಿದ್ದರು; ಮೂಳೆ ಚೆನ್ನಾಗಿಯೇ ಕೂಡಿಕೊಂಡಿತ್ತು. ಆದರೆ ಮಂಡಿಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಟೇಪು ಸುತ್ತಿ ಎರಡೂ ತೊಡೆಗಳನ್ನು ಅಳೆದಾಗ ಏಟು ಬಿದ್ದ ಕಾಲಿನ ಸುತ್ತಳತೆ ಇನ್ನೊಂದಕ್ಕಿಂತ 4 ಸೆಂಟಿಮೀಟರ್ ಕಡಿಮೆ ಇತ್ತು. ಬಿದ್ದಾಗ ಕಲ್ಲಿಗೆ ತಗುಲಿ ಜಜ್ಜಿಹೋಗಿದ್ದ ಮೀನಖಂಡದಲ್ಲಿ ಬೆರಳಿಟ್ಟರೆ ಹಗ್ಗದ ಗಂಟಿನಂಥ ಗಟ್ಟಿ ಭಾಗವೊಂದು ಸಿಗುತ್ತಿತ್ತು. ನಾನು ಆ ಗಂಟಿನ ಸುತ್ತ ಹೆಬ್ಬೆರಳಿನಿಂದ ಒತ್ತಿ ಸಡಿಲಿಸುತ್ತಿದ್ದಾಗ ಅವರು, "ಇನ್ನೂ ಸ್ವಲ್ಪ ಜೋರಾಗಿ ಒತ್ತಿ ಮೇಡಂ, ನೋವಾದ್ರೆ ನಾ ತಡ್ಕೊಳ್ತೀನಿ. ಎಷ್ಟು ಒತ್ತಿದ್ರೆ ಬೇಗ ಮರ ಹತ್ತಬಹುದು, ಅದನ್ನ ಹೇಳಿ" ಎಂದರು.

22 ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನನ್ನ ಬಳಿ ಆ ಪ್ರಶ್ನೆಗೆ ಒಂದು ಅಂಕಿಯ ಉತ್ತರ ಇರಲಿಲ್ಲ. ಮಾತ್ರೆಯಾದರೆ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮೊದಲೋ ಆಮೇಲೋ ಎಂದು ಚೀಟಿಯಲ್ಲಿ ಬರೆದುಕೊಡುತ್ತೇವೆ. ಕೈಯಿಂದ ಕೊಡುವ ಒತ್ತಡಕ್ಕೆ ಅಂಥ ಚೀಟಿಯಿಲ್ಲ. ನನ್ನ ಗುರುಗಳ ಹೆಬ್ಬೆರಳು ನನ್ನ ಹೆಬ್ಬೆರಳಿಗೆ ಕಲಿಸಿದ್ದು, ಆಮೇಲೆ ಸಾವಿರಾರು ಕಾಲುಗಳು ಕಲಿಸಿದ್ದು, ಅಷ್ಟೇ ನನ್ನ ಅಳತೆ. ಅದು ಸಣ್ಣ ವಿದ್ಯೆಯಲ್ಲ. ಆದರೆ ಅದನ್ನು ಬರೆದಿಡಲು, ಇನ್ನೊಬ್ಬರಿಗೆ ಹಾಗೆಯೇ ದಾಟಿಸಲು, ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಆಗುವುದಿಲ್ಲ. ಗಾಯಗೊಂಡ ಅಂಗಾಂಶಗಳಿಗೆ ಚಿಕಿತ್ಸೆ ಕೊಡುವ ಮೃದು ರೋಬೋಟ್‌ಗಳ, ಅಂದರೆ ಸಿಲಿಕೋನಿನಂಥ ಮೆತ್ತನೆಯ ವಸ್ತುಗಳಿಂದ ಮಾಡಿದ ಯಂತ್ರಗಳ, ಬಗ್ಗೆ ಕೆಲವು ವರ್ಷಗಳಿಂದ ನಾನು ಬಿಡದೆ ಓದುತ್ತಿರುವುದು ಈ ಕಾರಣಕ್ಕೆ. ಅವು ಕೈಗಿಂತ ಚೆನ್ನಾಗಿ ಒತ್ತುತ್ತವೆ ಎಂಬ ನಂಬಿಕೆಯಿಂದಲ್ಲ. ಎಷ್ಟು ಒತ್ತಿದೆವು, ಎಷ್ಟು ಹೊತ್ತು ಒತ್ತಿದೆವು, ಪೆಟ್ಟು ಬಿದ್ದ ಎಷ್ಟನೆಯ ದಿನ ಒತ್ತಿದೆವು ಎಂಬ ಲೆಕ್ಕವನ್ನು ಅವು ಜೀವಂತ ಅಂಗಾಂಶದ ಮೇಲೆ ಇಡುತ್ತಿವೆ ಎಂಬುದಕ್ಕೆ.

ಈ ಲೆಕ್ಕ ಏಕೆ ಮುಖ್ಯ ಎಂಬುದು ತಿಳಿಯಬೇಕಾದರೆ ಸ್ನಾಯುವಿಗೆ ಪೆಟ್ಟು ಬಿದ್ದಾಗ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು. ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತನಾಳಗಳಿಂದ ಹೊರಬಂದು ಆ ಜಾಗಕ್ಕೆ ನುಗ್ಗುತ್ತವೆ. ಸತ್ತ ನಾರುಗಳ ಚೂರುಗಳನ್ನು ಕರಗಿಸುವುದು, ಸೋಂಕು ಬರದಂತೆ ಕಾಯುವುದು, ಇನ್ನಷ್ಟು ಕೋಶಗಳನ್ನು ಕರೆಯುವುದು ಅವುಗಳ ಕೆಲಸ. ಅವುಗಳ ಹಿಂದೆಯೇ ಚೂರುಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ಕೋಶಗಳು ಬರುತ್ತವೆ. ಇತ್ತ, ಪ್ರತಿಯೊಂದು ಸ್ನಾಯುನಾರಿನ ಅಂಚಿಗೆ ಅಂಟಿಕೊಂಡು ವರ್ಷಗಟ್ಟಲೆ ಸುಮ್ಮನಿರುವ ಸ್ಯಾಟಲೈಟ್ ಕೋಶಗಳು ಎಚ್ಚೆತ್ತು, ಒಂದು ಎರಡಾಗಿ ಎರಡು ನಾಲ್ಕಾಗಿ, ಕೊನೆಗೆ ಒಂದಕ್ಕೊಂದು ಬೆಸೆದುಕೊಂಡು ಹೊಸ ನಾರಾಗುತ್ತವೆ. ಮದುವೆ ಮನೆಯ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಎಲೆ ಎತ್ತುವವರು ಬಾರದಿದ್ದರೆ ಮುಂದಿನ ಪಂಕ್ತಿ ಕೂರುವಂತಿಲ್ಲ. ಆದರೆ ಎಲೆ ಎತ್ತಿ ಮುಗಿದ ಮೇಲೂ ಅವರು ಪಂಕ್ತಿಯ ನಡುವೆಯೇ ಬಕೆಟ್ಟು ಹಿಡಿದು ನಿಂತಿದ್ದರೆ ಬಡಿಸುವವರಿಗೆ ದಾರಿಯಿಲ್ಲ. ನ್ಯೂಟ್ರೊಫಿಲ್‌ಗಳ ವಿಷಯವೂ ಹಾಗೆಯೇ. ಪೆಟ್ಟು ದೊಡ್ಡದಾಗಿದ್ದಾಗ ಅವು ಬೇಗ ಜಾಗ ಖಾಲಿ ಮಾಡುವುದಿಲ್ಲ, ಹೊಸ ನಾರು ಬಲಿಯಬೇಕಾದ ಕಡೆ ಗಾಯದ ಗಟ್ಟಿ ಅಂಗಾಂಶ ತುಂಬಿಕೊಳ್ಳುತ್ತದೆ. ಕೊನೆಗಾರರ ಮೀನಖಂಡದಲ್ಲಿ ನನ್ನ ಬೆರಳಿಗೆ ಸಿಕ್ಕಿದ ಗಂಟು ಅಂಥದ್ದು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮೂನಿ ಅವರ ಪ್ರಯೋಗಾಲಯ ಬಹಳ ವರ್ಷಗಳಿಂದ ಈ ಹಂತದ ಮೇಲೆ ಕೆಲಸ ಮಾಡುತ್ತಿದೆ. 2016ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗದಲ್ಲಿ, ಸ್ನಾಯುವಿಗೆ ತೀವ್ರ ಪೆಟ್ಟಾದ ಇಲಿಗಳಿಗೆ ಎರಡು ಬೇರೆ ಬೇರೆ ರೀತಿಯಲ್ಲಿ ಲಯಬದ್ಧವಾದ ಒತ್ತಡ ಕೊಟ್ಟರು. ಒಂದು ಗುಂಪಿಗೆ, ಕಬ್ಬಿಣದ ಆಕ್ಸೈಡಿನ ಕಣಗಳನ್ನು ಬೆರೆಸಿದ ಜೆಲ್ಲನ್ನು ಸ್ನಾಯುವಿನ ಪಕ್ಕದಲ್ಲಿ ಇಟ್ಟು ಹೊಲಿದು, ಹೊರಗಿನಿಂದ ಅಯಸ್ಕಾಂತದ ಮೂಲಕ ಅದನ್ನು ಹಿಗ್ಗಿಸಿ ಕುಗ್ಗಿಸಿದರು. ಇನ್ನೊಂದು ಗುಂಪಿಗೆ ಶಸ್ತ್ರಕ್ರಿಯೆಯೇ ಇಲ್ಲ. ಕಾಲಿನ ಸುತ್ತ ಸಿಲಿಕೋನಿನ ಮೆತ್ತನೆಯ ಪಟ್ಟಿ ಕಟ್ಟಿ ಅದರೊಳಗೆ ಗಾಳಿ ತುಂಬಿ ಬಿಡುತ್ತಾ ಹೋದರು. ಕೋಶಗಳನ್ನು ಸೇರಿಸಲಿಲ್ಲ, ಬೆಳವಣಿಗೆಯ ಔಷಧ ಹಾಕಲಿಲ್ಲ. ಎರಡು ವಾರಗಳಲ್ಲಿ ಸ್ನಾಯುವಿನ ಪುನರ್ಬೆಳವಣಿಗೆ, ಚಿಕಿತ್ಸೆ ಇಲ್ಲದವುಗಳಿಗಿಂತ ಸುಮಾರು ಎರಡೂವರೆ ಪಟ್ಟು ಉತ್ತಮವಾಗಿತ್ತು, ಗಾಯದ ಕಲೆಯೂ ಕಡಿಮೆಯಿತ್ತು. ಚರ್ಮದ ಹೊರಗಿನ ಪಟ್ಟಿ ಮತ್ತು ಒಳಗಿಟ್ಟ ಜೆಲ್ ಎರಡೂ ಹೆಚ್ಚುಕಡಿಮೆ ಸಮನಾದ ಫಲ ಕೊಟ್ಟವು ಎಂಬುದನ್ನು ಓದಿದಾಗ ನಾನು ಪುಸ್ತಕವನ್ನು ಪಕ್ಕಕ್ಕಿಟ್ಟಂತೆ ಫೋನನ್ನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಬರೀ ಒತ್ತುವುದು, ಬಿಡುವುದು. ಅದೇ ಔಷಧ.

ಆದರೆ ಒತ್ತಿದರೆ ಏಕೆ ಗುಣವಾಗುತ್ತದೆ ಎಂಬುದು 2016ರಲ್ಲಿ ಸ್ಪಷ್ಟವಾಗಿರಲಿಲ್ಲ. ಅದಕ್ಕೆ ಉತ್ತರ ಹುಡುಕಿದ್ದು ಅದೇ ಪ್ರಯೋಗಾಲಯದ ಬೋ ರಿ ಸಿಯೊ ಮತ್ತು ಸಂಗಡಿಗರು, 2021ರಲ್ಲಿ. ಅವರು ಮಾಡಿದ ಯಂತ್ರದ ತುದಿ ಮೆತ್ತನೆಯ ಸಿಲಿಕೋನಿನದು. ಎಷ್ಟು ಬಲ ಬೀಳುತ್ತಿದೆ ಎಂಬುದನ್ನು ಅದರಲ್ಲಿನ ಸಂವೇದಕ ಅಳೆಯುತ್ತದೆ, ಆ ಬಲಕ್ಕೆ ಒಳಗಿನ ಸ್ನಾಯು ಎಷ್ಟು ಕುಗ್ಗಿತು ಎಂಬುದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಈ ಎರಡನೆಯ ಅಳತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ನನ್ನ ಹೆಬ್ಬೆರಳಿಗೆ ತಿಳಿಯುವುದು ಚರ್ಮದ ಮೇಲಿನ ಬಲ ಮಾತ್ರ. ಎರಡು ಸೆಂಟಿಮೀಟರ್ ಒಳಗೆ ಏನಾಯಿತು ಎಂಬುದನ್ನು ನಾನು ಊಹಿಸುತ್ತೇನೆ, ನೋಡುವುದಿಲ್ಲ. 14 ದಿನ ಈ ಚಿಕಿತ್ಸೆ ಪಡೆದ ಇಲಿಗಳ ಸ್ನಾಯುನಾರುಗಳು ಚಿಕಿತ್ಸೆ ಪಡೆಯದವುಗಳಿಗಿಂತ ದಪ್ಪವಾಗಿದ್ದವು, ಬಲವೂ ಹೆಚ್ಚು ಮರಳಿತ್ತು. ಹೆಚ್ಚು ಬಲದಿಂದ ಒತ್ತಿಸಿಕೊಂಡವುಗಳಲ್ಲಿ ಫಲ ಇನ್ನೂ ಚೆನ್ನಾಗಿತ್ತು.

ಒಳಗೆ ನಡೆದದ್ದೇನು? ತಂಡದವರು ಗಾಯದ ಜಾಗದಿಂದ ಉರಿಯೂತದ ಪ್ರೋಟೀನುಗಳನ್ನು ತೆಗೆದು ಅಳೆದಾಗ, ನ್ಯೂಟ್ರೊಫಿಲ್‌ಗಳಿಗೆ ಸಂಬಂಧಿಸಿದ ಸೈಟೊಕೈನ್ ಎಂಬ ಸಂದೇಶದ ಪ್ರೋಟೀನುಗಳು, ಮತ್ತು ನ್ಯೂಟ್ರೊಫಿಲ್‌ಗಳೂ, ಮೂರೇ ದಿನಗಳಲ್ಲಿ ಗಣನೀಯವಾಗಿ ಇಳಿದಿದ್ದವು. ಸ್ನಾಯುವಿಗೆ ಹೊಳೆಯುವ ಅಣುಗಳನ್ನು ಚುಚ್ಚಿ ನೋಡಿದಾಗ, ಒತ್ತಿದ ಬಲ ಹೆಚ್ಚಿದಂತೆ ಆ ಅಣುಗಳೂ ಹೆಚ್ಚಾಗಿ ಅಲ್ಲಿಂದ ಸರಿದುಹೋಗುತ್ತಿದ್ದವು. ಅಂದರೆ ನೆನೆದ ಬಟ್ಟೆಯನ್ನು ಹಿಂಡಿದಂತೆ, ಲಯಬದ್ಧ ಒತ್ತಡ ಆ ಜಾಗದ ದ್ರವವನ್ನೂ ಅದರಲ್ಲಿ ತೇಲುವ ರಾಸಾಯನಿಕಗಳನ್ನೂ ಹೊರದೂಡುತ್ತಿತ್ತು. ನಿಜವಾದ ತಿರುವು ಇರುವುದು ಮುಂದಿನ ಹೆಜ್ಜೆಯಲ್ಲಿ. ನ್ಯೂಟ್ರೊಫಿಲ್‌ಗಳು ಸ್ರವಿಸುವ ದ್ರವವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಸ್ನಾಯುವಿನ ಮೂಲಕೋಶಗಳ ಮೇಲೆ ಹಾಕಿದಾಗ ಆ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿದವು, ಆದರೆ ಬಲಿತ ನಾರಾಗಿ ಮಾರ್ಪಡುವುದು ಕುಂಠಿತವಾಯಿತು. ಮೊದಲ ಒಂದೆರಡು ದಿನ ಬೇಕಾದದ್ದೇ ಆಮೇಲೆ ಅಡ್ಡಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸುಳಿವು ಬೇಡ. ಅದನ್ನೂ ಪರೀಕ್ಷಿಸಲೆಂದು ಅವರು ಯಂತ್ರವನ್ನೇ ಬದಿಗಿಟ್ಟು, ಪೆಟ್ಟು ಬಿದ್ದ ಮೂರನೆಯ ದಿನ ಔಷಧದಿಂದ ನ್ಯೂಟ್ರೊಫಿಲ್‌ಗಳನ್ನು ತೆಗೆದುಹಾಕಿದರು. ಆಗಲೂ ನಾರುಗಳು ದಪ್ಪವಾದವು, ಬಲ ಹೆಚ್ಚಿತು. ಆದ್ದರಿಂದ ರೋಬೋಟ್ ಮಾಡುತ್ತಿದ್ದ ಉಪಕಾರದಲ್ಲಿ ದೊಡ್ಡ ಪಾಲು ಎಲೆ ಎತ್ತುವವರನ್ನು ಹೊತ್ತಿಗೆ ಸರಿಯಾಗಿ ಪಂಕ್ತಿಯಿಂದ ಕಳಿಸುವುದರಲ್ಲಿತ್ತು.

ಹೊತ್ತಿಗೆ ಸರಿಯಾಗಿ ಎಂಬ ಮಾತನ್ನು ನಾನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಇದನ್ನು ಓದಿ ಯಾರಾದರೂ ಮನೆಯಲ್ಲಿ ಹೊಸ ಪೆಟ್ಟಿನ ಮೇಲೆ ಕೈಯಿಟ್ಟು ತಿಕ್ಕಲು ಶುರು ಮಾಡಬಾರದು. ಕೆಲವು ವರ್ಷಗಳ ಹಿಂದೆ ಏಳು ವರ್ಷದ ಹುಡುಗನನ್ನು ಅವನ ಅಜ್ಜಿ ನನ್ನ ಬಳಿ ಕರೆತಂದರು. ಮೊಣಕೈ ಬಳಿ ಮೂಳೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಪೂರ್ತಿ ಮಡಚಲು ಬರುತ್ತಿಲ್ಲವೆಂದು ಊರಿನಲ್ಲಿ ಯಾರದೋ ಕೈಯಲ್ಲಿ ದಿನಾ ಎರಡು ಹೊತ್ತು ಬಿಸಿ ಎಣ್ಣೆ ಹಾಕಿ ಜೋರಾಗಿ ನೀವಿಸಿದ್ದರು, ಮಗು ಕಿರುಚಿಕೊಂಡರೂ ಬಿಟ್ಟಿರಲಿಲ್ಲ. ನಾನು ಆ ತೋಳನ್ನು ಹಿಡಿದಾಗ ಮೊಣಕೈಯ ಮುಂದಿನ ಸ್ನಾಯುವಿನೊಳಗೆ ಕಡಲೆಕಾಯಿ ಸಿಪ್ಪೆಯಷ್ಟು ಗಡುಸಾದ, ಅಲುಗದ ತುಣುಕು ಸಿಕ್ಕಿತು. ಎಕ್ಸ್‌ರೇಯಲ್ಲಿ ಅಲ್ಲಿ ಬಿಳಿಯ ಮೋಡದಂತೆ ಮೂಳೆ ಕಟ್ಟಿಕೊಂಡಿತ್ತು. ಇದನ್ನು ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ಗಾಯಗೊಂಡ ಸ್ನಾಯುವನ್ನು ತಪ್ಪು ಕಾಲದಲ್ಲಿ ತಪ್ಪು ಬಲದಿಂದ ಕೆಣಕಿದರೆ ಅದು ಸ್ನಾಯುವಾಗಿ ಬೆಳೆಯುವ ಬದಲು ಮೂಳೆಯಾಗಿ ಬೆಳೆಯಬಲ್ಲದು, ಮತ್ತು ಮೊಣಕೈಯ ಪೆಟ್ಟಿನ ನಂತರ ನೀವಿಸುವುದು ಇದಕ್ಕೆ ಹೆಸರಾದ ಕಾರಣ. ಆ ಅಜ್ಜಿ ಪ್ರೀತಿಯಿಂದಲೇ ಮಾಡಿಸಿದ್ದರು. ಅವರಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಒತ್ತಡ ಔಷಧವಾದರೆ ಅದಕ್ಕೆ ಮಿತಿಮೀರಿದ ಡೋಸೂ ಇರಲೇಬೇಕಲ್ಲವೇ? ಹುಡುಗನ ತೋಳಿನಲ್ಲಿ ನಾನು ಮುಟ್ಟಿದ್ದು ಅದನ್ನೇ.

ಇನ್ನು ಈ ಯಂತ್ರಗಳು ಮೆತ್ತಗೆ ಏಕಿರಬೇಕು ಎಂಬ ಪ್ರಶ್ನೆ. ವಸ್ತುವಿನ ಗಡಸುತನವನ್ನು ಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ಸಡಿಲವಾಗಿರುವ ಸ್ನಾಯುವಿನದು ಸುಮಾರು 10,000 ಪಾಸ್ಕಲ್. ಉಕ್ಕಿನದು ಸುಮಾರು 20,000 ಕೋಟಿ. ಅಂದರೆ ಉಕ್ಕು ಸ್ನಾಯುವಿಗಿಂತ ಎರಡು ಕೋಟಿ ಪಟ್ಟು ಗಡುಸು. ಮಿದುಳಿನಂಥ ಅಂಗ ಸ್ನಾಯುವಿಗಿಂತಲೂ ಹತ್ತು ಪಟ್ಟು ಮೆತ್ತಗೆ. ಇಂಥ ಅಂಗಾಂಶದ ಪಕ್ಕದಲ್ಲಿ ಗಟ್ಟಿ ಲೋಹ ಅಲುಗಿದರೆ ಅಂಚಿನಲ್ಲಿ ಉಜ್ಜುತ್ತದೆ, ಕೊರೆಯುತ್ತದೆ. ಅದೂ ಎಲ್ಲಿ ಎಷ್ಟು ಒತ್ತುತ್ತಿದೆ ಎಂಬುದು ತೀರ ಅಸಮವಾಗಿರುತ್ತದೆ. ಮೆತ್ತನೆಯ ಸಿಲಿಕೋನಿನ ಗಡಸುತನ ಹತ್ತಾರು ಸಾವಿರದಿಂದ ಕೆಲವು ಲಕ್ಷ ಪಾಸ್ಕಲ್‌ಗಳಷ್ಟು, ದೇಹದ ಲೆಕ್ಕಕ್ಕೆ ಹತ್ತಿರವಾದದ್ದು. ಅದು ಅಂಗದ ಆಕಾರಕ್ಕೆ ತಾನೇ ಬಾಗುತ್ತದೆ, ಬಲವನ್ನು ಹರಡುತ್ತದೆ.

ಮೆತ್ತನೆಯ ವಸ್ತು ಬಲ ಕೊಡುವುದಾದರೂ ಹೇಗೆ ಎಂಬುದಕ್ಕೆ ಹಳೆಯ ಮತ್ತು ನನಗೆ ಅತ್ಯಂತ ಪ್ರಿಯವಾದ ಉತ್ತರ ಒಬ್ಬ ತಂದೆಯದು. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಭೌತವಿಜ್ಞಾನಿಯಾಗಿದ್ದ ಜೋಸೆಫ್ ಮೆಕಿಬ್ಬನ್ ಅವರ ಮಗಳಿಗೆ 1950ರ ದಶಕದಲ್ಲಿ ಪೋಲಿಯೋ ತಗುಲಿ ಕೈಗಳು ನಿಶ್ಶಕ್ತವಾದವು. ಮಗಳ ಬೆರಳುಗಳು ಮತ್ತೆ ಹಿಡಿಯುವಂತಾಗಲೆಂದು ಅವರು ಗಾಳಿಯ ಸ್ನಾಯುವೊಂದನ್ನು ಅಳವಡಿಸಿದರು. ಒಳಗೆ ರಬ್ಬರಿನ ಕೊಳವೆ, ಹೊರಗೆ ಓರೆಯಾಗಿ ಹೆಣೆದ ದಾರದ ಜಾಲರಿ. ಗಾಳಿ ತುಂಬಿದಾಗ ರಬ್ಬರು ಅಡ್ಡಕ್ಕೆ ಉಬ್ಬುತ್ತದೆ. ದಾರ ಹಿಗ್ಗುವುದಿಲ್ಲವಾದ್ದರಿಂದ ಹೆಣಿಗೆಯ ಕೋನ ಬದಲಾಗಿ ಇಡೀ ಕೊಳವೆ ಉದ್ದದಲ್ಲಿ ಕುಗ್ಗುತ್ತದೆ, ಕುಗ್ಗುತ್ತಾ ತುದಿಗೆ ಕಟ್ಟಿದ್ದನ್ನು ಎಳೆಯುತ್ತದೆ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಹೋದ ರಜೆಯಲ್ಲಿ ನಾನೂ ನನ್ನ ಅಕ್ಕನ ಮಗನೂ ಉದ್ದನೆಯ ಬಲೂನನ್ನು, ವೈರುಗಳ ಮೇಲೆ ತೊಡಿಸುವ ಹೆಣೆದ ನೈಲಾನ್ ಕೊಳವೆಯೊಳಗೆ ತೂರಿಸಿ, ಒಂದು ತುದಿಯನ್ನು ದಾರದಿಂದ ಬಿಗಿದು, ಇನ್ನೊಂದಕ್ಕೆ ಸೈಕಲ್ ಪಂಪು ಸಿಕ್ಕಿಸಿ, ಕೆಳಗೆ ಒಂದು ಕಿಲೋ ಉಪ್ಪಿನ ಪ್ಯಾಕೆಟ್ಟು ನೇತುಹಾಕಿದೆವು. ಮೊದಲೆರಡು ಬಲೂನುಗಳು ಒಡೆದವು. ಮೂರನೆಯದಕ್ಕೆ ಅವನು ನಿಧಾನವಾಗಿ ಪಂಪು ಒತ್ತಿದಾಗ ಜಾಲರಿ ದಪ್ಪಗಾಗಿ, ಗಿಡ್ಡಗಾಗಿ, ಉಪ್ಪಿನ ಪ್ಯಾಕೆಟ್ಟು ಸದ್ದಿಲ್ಲದೆ ಮೂರು ಬೆರಳಿನಷ್ಟು ಮೇಲೇರಿತು. ಉಬ್ಬಿದ ಜಾಲರಿಯನ್ನು ಅಂಗೈಯಲ್ಲಿ ಹಿಡಿದರೆ, ಬಿಗಿಹಿಡಿದ ತೋಳಿನ ಸ್ನಾಯುವನ್ನು ಹಿಡಿದಂತೆಯೇ ಇರುತ್ತದೆ. ಪ್ರತಿದಿನ ಸ್ನಾಯು ಮುಟ್ಟುವವಳಾಗಿ ಈ ಮಾತು ಹೇಳುತ್ತಿದ್ದೇನೆ.

ಇದೇ ಗಾಳಿ ಸ್ನಾಯುಗಳನ್ನು ಸಿಲಿಕೋನಿನಲ್ಲಿ ಎರಡು ಪದರವಾಗಿ, ಒಂದನ್ನು ಸುತ್ತಲೂ ಇನ್ನೊಂದನ್ನು ಓರೆಯಾಗಿ ಜೋಡಿಸಿ, ಹೃದಯಕ್ಕೆ ತೊಡಿಸುವ, ಅಂಗಿಯ ತೋಳಿನಂಥ ಕವಚವನ್ನು ಎಲೆನ್ ರೋಶ್ ಮತ್ತು ಸಂಗಡಿಗರು 2017ರಲ್ಲಿ ಹಂದಿಗಳ ಮೇಲೆ ಪರೀಕ್ಷಿಸಿದರು. ಹೃದಯ ಹಿಂಡುವಾಗ ತಿರುಚಿಕೊಳ್ಳುತ್ತದೆ. ಕವಚವೂ ಹಾಗೆಯೇ ತಿರುಚಿ ಒತ್ತುತ್ತದೆ. ರಕ್ತವನ್ನು ಅದು ಮುಟ್ಟುವುದೇ ಇಲ್ಲವಾದ್ದರಿಂದ, ಹೃದಯದೊಳಗಿನ ಪಂಪುಗಳಲ್ಲಿರುವ ರಕ್ತ ಹೆಪ್ಪುಗಟ್ಟುವ ಭಯಕ್ಕೆ ಅಲ್ಲಿ ಎಡೆಯಿಲ್ಲ. ಇದು ನನ್ನ ಕ್ಷೇತ್ರವಲ್ಲ; ಆದರೂ ಒಬ್ಬ ತಂದೆ ಮಗಳ ಬೆರಳಿಗಾಗಿ ಹೆಣೆದ ಜಾಲರಿ ಹೃದಯದವರೆಗೆ ಬಂದದ್ದನ್ನು ಹೇಳದೆ ದಾಟಲಾರೆ.

ಕೊನೆಗಾರರ ತೊಡೆಗೆ ಮರಳುತ್ತೇನೆ. ಅಲ್ಲಿ ಸ್ನಾಯು ಜಜ್ಜಿರಲಿಲ್ಲ, ಪ್ಲಾಸ್ಟರಿನೊಳಗೆ ಕೆಲಸವಿಲ್ಲದೆ ಸೊರಗಿತ್ತು. ಪ್ಲಾಸ್ಟರ್ ಹಾಕಿದ ಕೈಕಾಲುಗಳಲ್ಲಿ ಸ್ನಾಯು ಎಷ್ಟು ಬೇಗ ಕರಗುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. 2022ರಲ್ಲಿ ಮೂನಿ ಅವರ ತಂಡದ ಸಂಗ್‌ಮಿನ್ ನಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಮಜೆಂಟಾ ಎಂಬ ಸಾಧನ ಇದಕ್ಕೆಂದೇ ಹುಟ್ಟಿದ್ದು. ಅದರ ನಡುವೆ ನಿಟಿನಾಲ್ ಎಂಬ ನಿಕಲ್ ಮತ್ತು ಟೈಟಾನಿಯಂ ಮಿಶ್ರಲೋಹದ ಸಣ್ಣ ಸ್ಪ್ರಿಂಗ್ ಇದೆ. ಈ ಲೋಹಕ್ಕೆ ತನ್ನ ಹಳೆಯ ಆಕಾರ ನೆನಪಿರುತ್ತದೆ: ವಿದ್ಯುತ್ ಹರಿಸಿ ಬಿಸಿ ಮಾಡಿದರೆ ಕುಗ್ಗುತ್ತದೆ, ತಣಿದರೆ ಮತ್ತೆ ಹಿಗ್ಗಿಸಿಕೊಳ್ಳುತ್ತದೆ. ಬಿಸಿ ಸ್ನಾಯುವಿಗೆ ತಾಗದಂತೆ ಸುತ್ತ ರಬ್ಬರಿನಂಥ ಹೊದಿಕೆ; ಕೆಳಗೆ, ಸ್ನಾಯುವಿಗೆ ಗಟ್ಟಿಯಾಗಿ ಅಂಟುವ ಜೆಲ್. ಸ್ಪ್ರಿಂಗ್ ಕುಗ್ಗಿ ಹಿಗ್ಗಿದಂತೆಲ್ಲ ಅಂಟಿಕೊಂಡ ಸ್ನಾಯುವೂ ಎಳೆಯಲ್ಪಡುತ್ತದೆ, ಒಡೆಯ ಮಲಗಿದ್ದರೂ ಅದಕ್ಕೆ ವ್ಯಾಯಾಮವಾಗುತ್ತದೆ. ಇಲಿಗಳ ಮೀನಖಂಡಕ್ಕೆ ಇದನ್ನು ಅಂಟಿಸಿ, ಕಾಲನ್ನು ಪ್ಲಾಸ್ಟರಿನಂಥ ಕವಚದಲ್ಲಿ ಎರಡು ವಾರಗಳವರೆಗೆ ಕಟ್ಟಿಟ್ಟಾಗ, ಸಾಧನವಿಲ್ಲದ ಕಾಲುಗಳೂ ಸಾಧನವಿದ್ದು ಚಾಲೂ ಮಾಡದ ಕಾಲುಗಳೂ ಸೊರಗಿದವು. ಚಾಲೂ ಮಾಡಿದವುಗಳಲ್ಲಿ ಸೊರಗುವುದು ಕಡಿಮೆಯಾಯಿತು. ಚಾಲೂ ಮಾಡದ ಸಾಧನ ಇಟ್ಟು ಹೋಲಿಸಿದ್ದು ಒಳ್ಳೆಯ ಕೆಲಸ: ಫಲ ಕೊಟ್ಟದ್ದು ಅಂಟಲ್ಲ, ಲೋಹವಲ್ಲ, ಎಳೆತ ಎಂಬುದು ಅದರಿಂದ ಖಚಿತವಾಗುತ್ತದೆ.

ಆ ಅಂಟಿನ ಹಿಂದೆಯೂ ಒಂದು ಕಥೆಯಿದೆ. ಒದ್ದೆಯಾದ, ರಕ್ತ ಸೋರುವ, ಸದಾ ಅಲುಗುವ ಅಂಗಾಂಶಕ್ಕೆ ಏನನ್ನಾದರೂ ಅಂಟಿಸುವುದು ಬಹಳ ಕಷ್ಟ. 2017ರಲ್ಲಿ ಜಿಯಾನ್ಯು ಲಿ, ಮೂನಿ ಮತ್ತಿತರರು ಇದಕ್ಕೆ ಪರಿಹಾರ ಕಂಡುಕೊಂಡದ್ದು ಯುರೋಪಿನ ಒಂದು ಜಾತಿಯ, ಚಿಪ್ಪಿಲ್ಲದ ಬಸವನಹುಳುವಿನಿಂದ. ಹೆದರಿದಾಗ ಅದು ಸೂಸುವ ಲೋಳೆ ಎಷ್ಟು ಗಟ್ಟಿಯೆಂದರೆ ಶತ್ರು ಅದನ್ನು ನೆಲದಿಂದ ಕೀಳಲಾರದು. ಮಳೆಗಾಲದಲ್ಲಿ ನಮ್ಮ ಬಚ್ಚಲ ಗೋಡೆಯ ಮೇಲೆ ಅದರ ಸೋದರ ಸಂಬಂಧಿಗಳನ್ನು ಕಡ್ಡಿಯಿಂದ ಬಿಡಿಸಲು ಹೋದವರಿಗೆ ಲೋಳೆ ಎಂದರೇನು ಎಂಬುದು ಗೊತ್ತೇ ಇದೆ: ಎಳೆದಷ್ಟೂ ನೂಲಿನಂತೆ ಹಿಗ್ಗುತ್ತದೆ, ಕಡಿಯುವುದಿಲ್ಲ. ವಿಜ್ಞಾನಿಗಳ ಅಂಟೂ ಎರಡು ಕೆಲಸಗಳನ್ನು ಎರಡು ಪದರಗಳಿಗೆ ಹಂಚುತ್ತದೆ. ಧನಾವೇಶದ ಪಾಲಿಮರ್ ಅಂಗಾಂಶವನ್ನು ಹಿಡಿದುಕೊಳ್ಳುತ್ತದೆ. ಅದರ ಹಿಂದಿನ ಹಿಗ್ಗುವ ಜೆಲ್ ಎಳೆತದ ಶಕ್ತಿಯನ್ನು ತಾನು ನುಂಗಿ ಹಿಡಿತ ಬಿಡದಂತೆ ಕಾಯುತ್ತದೆ.

ಒತ್ತುವುದಲ್ಲದೆ ಎಳೆಯುವುದರಿಂದಲೂ ಅಂಗಾಂಶ ಬೆಳೆಯುತ್ತದೆ ಎಂಬುದು ಮೂಳೆ ವೈದ್ಯರಿಗೆ ಹೊಸದಲ್ಲ. ಸೈಬೀರಿಯಾದ ಕುರ್ಗಾನ್‌ನಲ್ಲಿ ಗವ್ರಿಲ್ ಇಲಿಜಾರೋವ್ ಅವರು ರೂಪಿಸಿದ ಉಂಗುರಗಳ ಚೌಕಟ್ಟನ್ನು ನಮ್ಮ ಆಸ್ಪತ್ರೆಗಳಲ್ಲೂ ನೋಡಿರುತ್ತೀರಿ. ಕತ್ತರಿಸಿದ ಮೂಳೆಯ ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರ್, ಅದನ್ನೂ ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ ದೂರ ಸರಿಸಿದರೆ ನಡುವೆ ಹೊಸ ಮೂಳೆ ತುಂಬುತ್ತದೆ. ಬೇಗ ಸರಿಸಿದರೆ ಮೂಳೆ ಕೂಡುವುದಿಲ್ಲ, ತೀರ ನಿಧಾನಿಸಿದರೆ ಉದ್ದವಾಗುವ ಮೊದಲೇ ಗಟ್ಟಿಯಾಗುತ್ತದೆ. ಬಲದ ಚಿಕಿತ್ಸೆಗೆ ಸ್ಪಷ್ಟವಾದ ಡೋಸು ಸಿಕ್ಕಿದ ಅಪರೂಪದ ಉದಾಹರಣೆ ಅದು.

ಮೆತ್ತನೆಯ ಅಂಗಗಳಲ್ಲಿ ಇದನ್ನು ಮಾಡಿದ್ದು ಬಾಸ್ಟನ್ ಮಕ್ಕಳ ಆಸ್ಪತ್ರೆಯ ಪಿಯರ್ ಡುಪಾಂ, ಡಾನಾ ಡಾಮಿಯನ್ ಮತ್ತು ಸಂಗಡಿಗರು. ಸುಮಾರು ಮೂರರಿಂದ ನಾಲ್ಕು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಅನ್ನನಾಳ ನಡುವೆ ತುಂಡಾಗಿರುತ್ತದೆ. ಎರಡು ತುದಿಗಳ ನಡುವಿನ ಅಂತರ ಚಿಕ್ಕದಿದ್ದರೆ ಹೊಲಿಯಬಹುದು. ದೊಡ್ಡದಿದ್ದರೆ ಜಾನ್ ಫೋಕರ್ ಎಂಬ ಶಸ್ತ್ರವೈದ್ಯರು ತೋರಿಸಿದ ದಾರಿಯಲ್ಲಿ, ತುದಿಗಳಿಗೆ ದಾರ ಹಾಕಿ, ದಾರವನ್ನು ಮಗುವಿನ ಬೆನ್ನಿನಿಂದ ಹೊರತಂದು ದಿನದಿನವೂ ಸ್ವಲ್ಪ ಸ್ವಲ್ಪ ಬಿಗಿಯುತ್ತಾರೆ. ನಾಳ ಬೆಳೆಯುತ್ತದೆ. ಆದರೆ ದಾರ ಹರಿಯದಿರಲೆಂದು ಆ ಎಳೆಯ ಶಿಶುವನ್ನು ವಾರಗಟ್ಟಲೆ ಅಲುಗಾಡದಂತೆ ಔಷಧ ಕೊಟ್ಟು ವೆಂಟಿಲೇಟರಿನಲ್ಲಿ ಮಲಗಿಸಬೇಕಾಗುತ್ತದೆ. ತನ್ನ ಮಗುವನ್ನು ಎತ್ತಿಕೊಳ್ಳಲಾರದೆ ಪಕ್ಕದಲ್ಲಿ ಕುಳಿತ ತಾಯಿಯನ್ನು ಕಲ್ಪಿಸಿಕೊಂಡರೆ ಈ ಸಂಶೋಧಕರ ಆತುರ ಅರ್ಥವಾಗುತ್ತದೆ. ಅವರ ಸಾಧನದಲ್ಲಿ ಎರಡು ಉಂಗುರಗಳನ್ನು ಅನ್ನನಾಳಕ್ಕೆ ಹೊಲಿಯುತ್ತಾರೆ, ನಡುವಿನ ಪುಟ್ಟ ಮೋಟಾರು ಅವುಗಳನ್ನು ದೂರ ಸರಿಸುತ್ತಾ ಎಳೆತವನ್ನು ಅಳೆಯುತ್ತಿರುತ್ತದೆ. ಪೂರ್ತಿ ಮೃದು ರೋಬೋಟ್ ಎಂದು ಇದನ್ನು ಕರೆಯಲಾಗದು. ನೀರು ನುಗ್ಗದ ಮೆತ್ತನೆಯ ಚರ್ಮದೊಳಗೆ ಗಟ್ಟಿ ಭಾಗಗಳಿವೆ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಂದಿಗಳ ಅನ್ನನಾಳದ ಎಳೆದ ಭಾಗ ಶೇಕಡಾ 77ರಷ್ಟು ಉದ್ದವಾಯಿತು. ರಬ್ಬರಿನಂತೆ ಹಿಗ್ಗಿ ತೆಳುವಾದದ್ದಲ್ಲ, ಕೋಶಗಳು ಹೆಚ್ಚಿ ಬೆಳೆದದ್ದು; ನಾಳದ ಅಗಲವೂ ಕುಗ್ಗಲಿಲ್ಲ. ಆ ದಿನಗಳಲ್ಲಿ ಹಂದಿಗಳು ಎಚ್ಚರವಾಗಿದ್ದವು, ಓಡಾಡಿಕೊಂಡಿದ್ದವು, ಎಂದಿನಂತೆ ತಿನ್ನುತ್ತಿದ್ದವು.

ದೇಹದೊಳಗೆ ಇಟ್ಟದ್ದೆಲ್ಲವನ್ನೂ ದೇಹ ನಾರಿನ ಗೋಡೆ ಕಟ್ಟಿ ದೂರವಿಡುತ್ತದೆ ಎಂಬುದು ಈ ಎಲ್ಲ ಸಾಧನಗಳ ಮುಂದಿರುವ ದೊಡ್ಡ ತೊಡಕು. ರೋಶ್ ಮತ್ತು ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟಂತೆ, ಒಳಗಿಟ್ಟ ಮೆತ್ತನೆಯ ಚೀಲದ ಪೊರೆಯನ್ನು ಆಗಾಗ ಸಣ್ಣಗೆ ಅಲುಗಿಸುತ್ತಿದ್ದರೆ ಆ ಗೋಡೆ ತೆಳುವಾಗಿಯೇ ಉಳಿಯುತ್ತದೆ. ಇಲ್ಲೂ ಅದೇ ಮಾತು: ಅಲುಗಾಟ ಸುತ್ತಲಿನ ದ್ರವವನ್ನೂ ಕೋಶಗಳನ್ನೂ ಕದಲಿಸುತ್ತದೆ. ಗಾಯದ ಗಂಟನ್ನು ಆಗುವ ಮೊದಲೇ ತಡೆಯುವುದಕ್ಕೂ ಆದ ಮೇಲೆ ನನ್ನಂಥವರು ಹೆಬ್ಬೆರಳಿನಿಂದ ಸಡಿಲಿಸುವುದಕ್ಕೂ ಇರುವ ಅಂತರ ನೆನೆದರೆ ಈ ಸಂಗತಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ.

ನಾನು ಮೇಲೆ ಹೇಳಿದ ಪ್ರಯೋಗಗಳೆಲ್ಲ ಇಲಿ ಮತ್ತು ಹಂದಿಗಳ ಮೇಲೆ ನಡೆದವು. ಇಲಿಯ ಕಾಲಿನ ಸ್ನಾಯು ಕೆಲವೇ ಮಿಲಿಮೀಟರ್ ದಪ್ಪ. ಹೊರಗಿನಿಂದ ಒತ್ತಿದ ಬಲ ನೇರವಾಗಿ ತಳದವರೆಗೆ ಮುಟ್ಟುತ್ತದೆ. ಮನುಷ್ಯರ ತೊಡೆಯಲ್ಲಿ ಚರ್ಮ, ಕೊಬ್ಬು, ಪೊರೆ, ಒಂದರ ಮೇಲೊಂದು ಸ್ನಾಯುಗಳು. ಬಲ ಹರಡಿಹೋಗುತ್ತದೆ, ಒಬ್ಬರಿಂದ ಒಬ್ಬರಿಗೆ ಬೇರೆಯಾಗುತ್ತದೆ. ಆದ್ದರಿಂದಲೇ ಸಿಯೊ ಅವರ ಯಂತ್ರದಲ್ಲಿದ್ದ ಅಲ್ಟ್ರಾಸೌಂಡನ್ನು ಬಿಟ್ಟುಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಲದ ಅಂಕಿಯನ್ನು ಇಲಿಯಿಂದ ಮನುಷ್ಯನಿಗೆ ಗುಣಿಸಿ ತರಲಾಗದು, ಆದರೆ ಸ್ನಾಯು ಒಳಗೆ ಎಷ್ಟು ಕುಗ್ಗಬೇಕು ಎಂಬ ಗುರಿಯನ್ನು ತರಬಹುದು. ಒಳಗಿಡುವ ಸಾಧನಗಳಿಗೆ ವಿದ್ಯುತ್ತು ಅಥವಾ ಗಾಳಿಯ ಕೊಳವೆ ಬೇಕು, ಚರ್ಮ ದಾಟುವ ಪ್ರತಿಯೊಂದು ಕೊಳವೆಯೂ ಸೋಂಕಿಗೆ ಬಾಗಿಲು. ಹೊರಗೆ ಕಟ್ಟುವ ಗಾಳಿಪಟ್ಟಿಗೆ ಈ ಭಯವಿಲ್ಲ. ಅದರ ಹತ್ತಿರದ ಬಂಧು ಈಗಾಗಲೇ ನಮ್ಮ ಐಸಿಯುಗಳಲ್ಲಿದೆ: ಶಸ್ತ್ರಕ್ರಿಯೆಯ ನಂತರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮೀನಖಂಡಕ್ಕೆ ಸುತ್ತಿ, ನಿಮಿಷಕ್ಕೊಮ್ಮೆ ಉಬ್ಬಿ ಇಳಿಯುವ ಪಟ್ಟಿ. ಅದನ್ನು ಮಾಡಲು ಬರುವವರಿಗೆ ಇದನ್ನು ಮಾಡುವುದು ದೂರದ ಮಾತಲ್ಲ. ಸಣ್ಣ ಊರಿನ ಚಿಕಿತ್ಸಾ ಕೊಠಡಿಗೆ ಮೊದಲು ಬರಬೇಕಾದದ್ದೂ ಅಂಥದ್ದೇ.

ಅಲ್ಲಿಯವರೆಗೆ ನಾನು ಮಾಡಬಹುದಾದದ್ದು ಚಿಕ್ಕದು. ನನ್ನ ರೋಗಿಗಳ ದಾಖಲೆ ಪುಸ್ತಕದಲ್ಲಿ ಹಿಂದೆ ಸುತ್ತಳತೆ, ಮಡಚುವ ಕೋನ, ನೋವಿನ ಮಟ್ಟ ಮಾತ್ರ ಇರುತ್ತಿತ್ತು. ಈಗ ಪೆಟ್ಟು ಬಿದ್ದು ಇದು ಎಷ್ಟನೆಯ ದಿನ, ಎಷ್ಟು ನಿಮಿಷ ಒತ್ತಿದೆ ಎಂಬ ಎರಡು ಕಾಲಂ ಸೇರಿಸಿದ್ದೇನೆ. ಕೊನೆಗಾರರ ಪುಟದಲ್ಲಿ ಮೊದಲ ಸಾಲು 73ನೆಯ ದಿನದಿಂದ ಶುರುವಾಗುತ್ತದೆ. ಇಲಿಗಳಲ್ಲಿ ಎಲ್ಲವನ್ನೂ ನಿರ್ಧರಿಸಿದ ಮೂರನೆಯ ದಿನ ಅವರು ಪ್ಲಾಸ್ಟರಿನೊಳಗಿದ್ದರು. ನಾಲ್ಕು ತಿಂಗಳ ಕೊನೆಗೆ ತೊಡೆಗಳ ವ್ಯತ್ಯಾಸ ಒಂದೂವರೆ ಸೆಂಟಿಮೀಟರಿಗೆ ಇಳಿಯಿತು, ಮೀನಖಂಡದ ಗಂಟು ಸಣ್ಣದಾಗಿದೆ, ಹೋಗಿಲ್ಲ. ಈ ಕೊಯ್ಲಿನಲ್ಲಿ ಅವರು ಮರ ಹತ್ತುವುದಿಲ್ಲ. ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದಾರೆ, ವಾರಕ್ಕೆ ಎರಡು ಸಂಜೆ ನಮ್ಮಲ್ಲಿಗೆ ಬರುತ್ತಾರೆ.